ಕಾರಿನ ಎಸ್‌ಒಎಸ್ ಬಟನ್ ಒತ್ತಿದರೆ ಕರೆ ಹೋಗುವುದೇ?

ಪ್ರಶ್ನೆ: ನನ್ನದು 2014ರ ಮಾದರಿಯ ಕಾರು. ಮೊಬೈಲ್ ಆ್ಯಪ್‌ನಿಂದಲೇ ಬಾಗಿಲು ಲಾಕ್ ಮಾಡುವುದು, ಹೊರಡುವ ಮೊದಲೇ ಎ.ಸಿ. ಹಾಕುವುದು ಎಲ್ಲವೂ ನಡೆಯುತ್ತಿತ್ತು. ಈಗ ‘ವಾಹನಕ್ಕೆ ಸಂಪರ್ಕ ಸಿಗುತ್ತಿಲ್ಲ’ ಎಂದಷ್ಟೇ ಬರುತ್ತದೆ. 3ಜಿ ನಿಂತುಹೋಗಿದೆ, ಏನೂ ಮಾಡಲಾಗದು ಎನ್ನುತ್ತಾರೆ ಸರ್ವೀಸ್ ಸೆಂಟರ್‌ನವರು. ಒಳಗಿನ ಸಿಮ್ ತೆಗೆಸಿ 4ಜಿ ಸಿಮ್ ಹಾಕಿಸಿದರೆ ಆಗುವುದಿಲ್ಲವೇ? ತಲೆಯ ಮೇಲಿರುವ ಎಸ್‌ಒಎಸ್ ಬಟನ್ ಈಗಲೂ ಕೆಲಸ ಮಾಡುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದದ್ದು ಅನುಕೂಲದ ವಿಷಯ, ಇದು ಜೀವದ ವಿಷಯ. ಆ್ಯಪ್ ನಿಂತಿದ್ದು 3ಜಿ ಹೋದ ಕಾರಣಕ್ಕೇ ಆಗಿದ್ದರೆ, ಎಸ್‌ಒಎಸ್ ಬಟನ್ ಕೂಡ ನಿಂತಿದೆ ಎಂದೇ ತಿಳಿದು ಗಾಡಿ ಓಡಿಸಿ. ಸಾಮಾನ್ಯವಾಗಿ ಎರಡಕ್ಕೂ ಒಂದೇ ಮೋಡೆಮ್ (ಕಾರನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಉಪಕರಣ) ಇರುತ್ತದೆ. ಡಿಕ್ಕಿಯಾಗಿ ಏರ್‌ಬ್ಯಾಗ್ ಬಿಚ್ಚಿಕೊಂಡಾಗ ತಾನೇ ಸಹಾಯಕ್ಕೆ ಕರೆ ಮಾಡಬೇಕಾದುದೂ ಅದೇ ಮೋಡೆಮ್.

ಈ ಕರೆ ಹಳೆಯ ಜಾಲಕ್ಕೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಎಂಬುದನ್ನು ಯುರೋಪಿನ ‘ಇ-ಕಾಲ್’ ವ್ಯವಸ್ಥೆಯಲ್ಲಿ ನೋಡಬಹುದು. 2018ರ ಮಾರ್ಚ್ 31ರಿಂದ ಅಲ್ಲಿ ಹೊಸದಾಗಿ ಮಂಜೂರಾಗುವ ಕಾರಿನ ಮಾದರಿಗಳಿಗೆಲ್ಲ ಇದು ಕಡ್ಡಾಯ. ಅಪಘಾತವಾದೊಡನೆ ಕಾರು ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುತ್ತದೆ. ವಾಹನ ಯಾವುದು, ಎಲ್ಲಿದೆ, ಯಾವ ದಿಕ್ಕಿಗೆ ಹೋಗುತ್ತಿತ್ತು ಎಂಬ ವಿವರಗಳನ್ನು 140 ಬೈಟ್‌ಗಳಲ್ಲಿ ಅಡಕಗೊಳಿಸಿ, ಧ್ವನಿ ಸಂಕೇತಗಳಾಗಿ ಮಾಡಿ, ಮಾತಿನ ಮಾರ್ಗದಲ್ಲೇ ಕಳುಹಿಸುತ್ತದೆ. ಆಮೇಲೆ ಒಳಗಿದ್ದವರ ಜೊತೆ ಮಾತು ಆರಂಭವಾಗುತ್ತದೆ. ಇದನ್ನು ರೂಪಿಸಿದ್ದು 2ಜಿ ಮತ್ತು 3ಜಿಯ ಧ್ವನಿ ಕರೆಗೆ. 4ಜಿಯಲ್ಲಿ ಮಾತು ಕೂಡ ಇಂಟರ್ನೆಟ್ ಡೇಟಾದ ರೂಪದಲ್ಲೇ ಸಾಗುವುದರಿಂದ ಹಳೆಯ ಉಪಕರಣಕ್ಕೆ ಅಲ್ಲಿ ದಾರಿಯೇ ಇಲ್ಲ.

ಬಟನ್ ಇದ್ದೂ ಕರೆ ಹೋಗದಿರುವುದು, ಬಟನ್ನೇ ಇಲ್ಲದಿರುವುದಕ್ಕಿಂತ ಅಪಾಯಕಾರಿ ಎಂದು ನನ್ನ ಖಚಿತ ಅಭಿಪ್ರಾಯ. ಇಲ್ಲವೆಂದು ಗೊತ್ತಿದ್ದವರು ಫೋನ್ ಕೈಗೆ ಸಿಗುವಂತೆ ಇಟ್ಟುಕೊಳ್ಳುತ್ತಾರೆ. ಇದೆ ಎಂದು ನಂಬಿದವರು ಆ ಬಟನ್ ಒತ್ತಿ ಕಾಯುತ್ತಾ ಕುಳಿತಿರುತ್ತಾರೆ. ಹಲವು ಕಾರುಗಳಲ್ಲಿ ಬಟನ್ ಪಕ್ಕ ಒಂದು ಸಣ್ಣ ದೀಪವಿರುತ್ತದೆ. ಅದರ ಯಾವ ಬಣ್ಣಕ್ಕೆ ಏನರ್ಥ ಎಂಬುದು ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿರುತ್ತದೆ, ಇವತ್ತೇ ತೆಗೆದು ಓದಿ. ಪರೀಕ್ಷೆ ಮಾಡಲೆಂದು ಬಟನ್ ಒತ್ತಬೇಡಿ. ಕರೆ ಹೋಗಿಬಿಟ್ಟರೆ ನಿಜವಾದ ತುರ್ತು ಸಿಬ್ಬಂದಿಯ ಸಮಯ ಹಾಳಾಗುತ್ತದೆ. ಸರ್ವೀಸ್ ಸೆಂಟರ್‌ನಲ್ಲಿ ಯಂತ್ರ ಜೋಡಿಸಿ ಪರೀಕ್ಷಿಸಲು ಕೇಳಿ. ಒಂದು ವ್ಯತ್ಯಾಸ ನೆನಪಿರಲಿ: ಫೋರ್ಡ್‌ನ ‘ಸಿಂಕ್’ನಂಥ ಕೆಲವು ವ್ಯವಸ್ಥೆಗಳು ಬ್ಲೂಟೂತ್ ಮೂಲಕ ನಿಮ್ಮದೇ ಫೋನಿನಿಂದ ತುರ್ತು ಕರೆ ಮಾಡುತ್ತವೆ. ಅಂಥವಕ್ಕೆ ಈ ತೊಂದರೆ ತಟ್ಟುವುದಿಲ್ಲ.

ಇನ್ನು ಸಿಮ್ ವಿಚಾರ. ಸಿಮ್ ಎಂಬುದು ಗುರುತಿನ ಚೀಟಿಯಿದ್ದಂತೆ, ಅದನ್ನು ಬದಲಿಸಿದರೆ ಸಾಲದು. ಟವರ್ ಜೊತೆ ವ್ಯವಹರಿಸುವುದು ಮೋಡೆಮ್‌ನ ಚಿಪ್. ಅದು 3ಜಿಗೆಂದೇ ತಯಾರಾಗಿದ್ದರೆ 4ಜಿ ಸಂಕೇತ ಅದಕ್ಕೆ ಅರ್ಥವಾಗುವುದೇ ಇಲ್ಲ. ಜೊತೆಗೆ, ಹಲವು ಕಾರುಗಳಲ್ಲಿ ಸಿಮ್ಮನ್ನು ಸರ್ಕ್ಯೂಟ್ ಹಲಗೆಗೇ ಬೆಸುಗೆ ಹಾಕಿರುತ್ತಾರೆ. ಹೊರಗಿನ ಮೋಡೆಮ್ ತಂದು ಕೂರಿಸೋಣವೆಂದರೆ, ಕಾರು ಅದನ್ನು ತನ್ನದೆಂದು ಒಪ್ಪಿಕೊಳ್ಳಲು ತಯಾರಕರ ಗುಪ್ತ ಕೀಲಿ ಬೇಕು.

ಹಾಗಾಗಿ ಪರಿಹಾರ ಬಂದರೆ ತಯಾರಕರಿಂದಲೇ ಬರಬೇಕು, ಎಲ್ಲರೂ ಒಂದೇ ರೀತಿ ನಡೆದುಕೊಂಡಿಲ್ಲ. ಜನರಲ್ ಮೋಟಾರ್ಸ್ ಕಂಪನಿಯ 2015ರ ನಂತರದ ಹಲವು ಕಾರುಗಳಲ್ಲಿ 4ಜಿ ಚಿಪ್ ಇದ್ದುದರಿಂದ ಸಾಫ್ಟ್‌ವೇರ್ ಬದಲಾವಣೆಯೇ ಸಾಕಾಯಿತು. ಟೆಸ್ಲಾ ತನ್ನ ಹಳೆಯ ಮಾಡೆಲ್ ಎಸ್ ಕಾರುಗಳಿಗೆ ಹಣ ಪಡೆದು ಮೋಡೆಮ್ ಬದಲಿಸಿಕೊಟ್ಟಿತು. ನಿಸ್ಸಾನ್ ಮಾತ್ರ ಬ್ರಿಟನ್‌ನಲ್ಲಿ, 2016ಕ್ಕಿಂತ ಹಿಂದಿನ ಲೀಫ್ ಕಾರುಗಳ ಆ್ಯಪ್ ಸೇವೆಯನ್ನು 2024ರ ಏಪ್ರಿಲ್‌ನಿಂದ ನಿಲ್ಲಿಸಿಬಿಟ್ಟಿತು. ನಿಮ್ಮ ತಯಾರಕರಿಗೆ ವಾಹನದ ಚಾಸಿ ಸಂಖ್ಯೆ ಕೊಟ್ಟು, ನನ್ನ ಕಾರಿಗೆ ಬದಲಿ ಮೋಡೆಮ್ ಇದೆಯೇ ಎಂದು ಇಮೇಲ್‌ನಲ್ಲಿ ಕೇಳಿ. ಬಾಯಿಮಾತಿನ ‘ಆಗದು’ ಸಾಲದು. ವರ್ಷದ ಚಂದಾ ಕಟ್ಟಿದ್ದರೆ ಉಳಿದ ತಿಂಗಳುಗಳ ಹಣವನ್ನೂ ಕೇಳಿ.

ಅದುವರೆಗೆ ಫೋನೇ ಆಸರೆ. ಐಫೋನ್ 14 ಮತ್ತು ನಂತರದ ಮಾದರಿಗಳಲ್ಲಿ, ಗೂಗಲ್‌ನ ಹಲವು ಪಿಕ್ಸೆಲ್ ಫೋನ್‌ಗಳಲ್ಲಿ ಅಪಘಾತ ಗುರುತಿಸಿ ತಾನೇ ತುರ್ತು ಕರೆ ಮಾಡುವ ಸೌಲಭ್ಯವಿದೆ. ನಿಮ್ಮ ದೇಶದಲ್ಲಿ ಅದು ಲಭ್ಯವೇ, ಚಾಲೂ ಆಗಿದೆಯೇ ನೋಡಿಕೊಳ್ಳಿ. ಫೋನನ್ನು ಸ್ಟ್ಯಾಂಡಿನಲ್ಲಿ ಬಿಗಿಯಾಗಿ ಕೂರಿಸಿ, ಡಿಕ್ಕಿಯ ರಭಸಕ್ಕೆ ಸೀಟಿನಡಿ ಜಾರಿಹೋದರೆ ಕೈಗೆಟಕುವುದಿಲ್ಲ. ಮತ್ತೊಂದು ಮಾತು: ಕೆಲವು ಕಾರುಗಳಲ್ಲಿ ಇಲ್ಲದ ಸಿಗ್ನಲ್ಲಿಗಾಗಿ ಮೋಡೆಮ್ ನಿಲ್ಲದೆ ಹುಡುಕುತ್ತಾ, ನಿಲ್ಲಿಸಿದ ಗಾಡಿಯ 12 ವೋಲ್ಟ್ ಬ್ಯಾಟರಿಯನ್ನು ಬರಿದು ಮಾಡುತ್ತದೆ. ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಹೊಸದು ಕೊಳ್ಳುವ ಮೊದಲು ಈ ಕಡೆ ನೋಡಲು ಹೇಳಿ.

ಮೊಬೈಲ್ ಕಂಪನಿಗಳ ಮೇಲೆ ಸಿಟ್ಟು ಬರಬಹುದು. ಆದರೆ ತರಂಗಾಂತರ ಮಿತವಾದದ್ದು, ಅಷ್ಟೇ ತರಂಗಾಂತರದಲ್ಲಿ 4ಜಿ ಹಲವು ಪಟ್ಟು ಹೆಚ್ಚು ಡೇಟಾ ಹೊರುತ್ತದೆ, ಹಳೆಯದನ್ನು ಎಂದೆಂದಿಗೂ ಉಳಿಸಿಕೊಳ್ಳಲಾಗದು. ನನ್ನ ದೂರು ಕಾರು ತಯಾರಕರ ಮೇಲೆ. ಅಮೆರಿಕದಲ್ಲಿ ಇದೇ ಆಗಿತ್ತು: ಅನಲಾಗ್ ಮೊಬೈಲ್ ಜಾಲವನ್ನು ನಂಬಿದ್ದ, ಜನರಲ್ ಮೋಟಾರ್ಸ್ ಕಾರುಗಳ ತುರ್ತು ನೆರವಿನ ‘ಆನ್‌ಸ್ಟಾರ್’ ಸೇವೆ 2008ರ ಆರಂಭದಲ್ಲಿ ಹಳೆಯ ಕಾರುಗಳಿಗೆ ನಿಂತುಹೋಯಿತು. ಆ ಪಾಠ ಕಣ್ಣಮುಂದೆ ಇದ್ದೂ 3ಜಿ ಮೋಡೆಮ್‌ಗಳನ್ನು ವರ್ಷಗಟ್ಟಲೆ ಕೂರಿಸುತ್ತಾ ಹೋದರು. ಆಮೇಲೆ ಎಟಿ ಅಂಡ್ ಟಿ 2022ರ ಫೆಬ್ರುವರಿಯಲ್ಲಿ, ವೆರಿಝೋನ್ ಅದೇ ವರ್ಷದ ಕೊನೆಗೆ, ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್‌ನಲ್ಲಿ 3ಜಿ ಮುಚ್ಚಿದವು. ಕಳಚಿ ಬದಲಿಸಬಹುದಾದ ಮೋಡೆಮ್ ಕೊಡುವುದು ಎಂಜಿನಿಯರ್‌ಗಳಿಗೆ ಅಸಾಧ್ಯದ ಕೆಲಸವಲ್ಲ.

ಪ್ರಶ್ನೆ: ಹಾಗಾದರೆ ಕಾರಿನ ಜಿಪಿಎಸ್ ಕೂಡ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಜಿಪಿಎಸ್ ಉಪಗ್ರಹದ ಸಂಕೇತವನ್ನು ಸ್ವೀಕರಿಸುತ್ತದೆಯೇ ಹೊರತು ಮೊಬೈಲ್ ಜಾಲವನ್ನು ಕೇಳುವುದಿಲ್ಲ. ನಕ್ಷೆ ಕಾರಿನಲ್ಲೇ ಇದ್ದರೆ ದಾರಿ ತೋರಿಸುತ್ತಲೇ ಇರುತ್ತದೆ, ಸಂಚಾರ ದಟ್ಟಣೆಯ ತಾಜಾ ಮಾಹಿತಿ ಮಾತ್ರ ಬರುವುದಿಲ್ಲ. ಬ್ಲೂಟೂತ್, ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ನಿಮ್ಮ ಫೋನಿನ ಜಾಲವನ್ನು ಬಳಸುವುದರಿಂದ ಅವಕ್ಕೂ ಧಕ್ಕೆಯಿಲ್ಲ. ರಿಮೋಟ್ ಕೀಲಿ ಬೇರೆಯೇ ರೇಡಿಯೊ, ಚಿಂತೆ ಬೇಡ.

ಪ್ರಶ್ನೆ: ಬಳಸಿದ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ‘4ಜಿ ಸಂಪರ್ಕವಿದೆ’ ಎಂದು ಮಾರುವವರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಅರ್ಧ ನಂಬಿ. ಡೇಟಾಕ್ಕೆ 4ಜಿ ಬಳಸಿ, ಮಾತಿಗೆ 3ಜಿಗೋ 2ಜಿಗೋ ಇಳಿಯುವ ಕಾರುಗಳಿವೆ. ಅಂಥ ಕಾರಿನಲ್ಲಿ ಆ್ಯಪ್ ಚೆನ್ನಾಗಿಯೇ ನಡೆಯುತ್ತಿರುತ್ತದೆ, ತುರ್ತು ಕರೆ ಮಾತ್ರ ಹೋಗುವುದಿಲ್ಲ. ಆದ್ದರಿಂದ ‘4ಜಿ ಇದೆಯೇ’ ಎಂದು ಕೇಳಬೇಡಿ, ‘ತುರ್ತು ಕರೆ ಯಾವ ಜಾಲದಲ್ಲಿ ಹೋಗುತ್ತದೆ, ವೋಲ್ಟಿ (4ಜಿಯಲ್ಲೇ ಮಾತಿನ ಕರೆ ಮಾಡುವ ಸೌಲಭ್ಯ) ಇದೆಯೇ’ ಎಂದು ಕೇಳಿ. ಯುರೋಪಿನಲ್ಲಿ ಕೂಡ ಹೊಸ ಮಾದರಿಗಳಿಗೆ 4ಜಿ, 5ಜಿ ಮೂಲಕ ಇ-ಕಾಲ್ ಕಡ್ಡಾಯವಾದದ್ದು 2026ರಿಂದ. ಅದಕ್ಕೂ ಹಿಂದಿನ ಬಹುಪಾಲು ಕಾರುಗಳು ಹಳೆಯ ಜಾಲವನ್ನೇ ನಂಬಿವೆ.

ಆ್ಯಪ್‌ನ ಸೌಲಭ್ಯಗಳಿಗಾಗಿ ಹೆಚ್ಚಿನ ಬೆಲೆ ಕೊಡಬೇಡಿ ಎಂಬುದು ನನ್ನ ಸಲಹೆ. ಅಮೆರಿಕದ ರಸ್ತೆಗಳಲ್ಲಿರುವ ಕಾರುಗಳ ಸರಾಸರಿ ವಯಸ್ಸೇ 12 ವರ್ಷ ದಾಟಿದೆ, ಅಷ್ಟು ಕಾಲ ಸೇವೆ ನಡೆಸುತ್ತೇವೆಂದು ತಯಾರಕರು ಬರೆದುಕೊಡುವುದು ಅಪರೂಪ. ಎಂಜಿನ್, ಟೈರು, ಬ್ರೇಕ್ ನೋಡಿ ಬೆಲೆ ಕಟ್ಟಿ. ಸಂಪರ್ಕ ನಡೆಯುತ್ತಿದ್ದರೆ ಹಿಂದಿನ ಮಾಲೀಕರ ಖಾತೆಯಿಂದ ಕಾರನ್ನು ನಿಮ್ಮೆದುರೇ ತೆಗೆಸಿ, ಆಮೇಲೆ ಹಣ ಕೊಡಿ. ಇಲ್ಲದಿದ್ದರೆ ನಿಮ್ಮ ಕಾರು ಎಲ್ಲಿದೆ ಎಂಬುದು ಅವರ ಫೋನಿನಲ್ಲಿ ಕಾಣುತ್ತಲೇ ಇರುತ್ತದೆ.