ಮೈಎಸ್‌ಕ್ಯೂಎಲ್ ಹೊಸ ಡಿಸ್ಕ್‌ನಲ್ಲಿ ಏಳುತ್ತಿಲ್ಲ ಅಂತ ಆಪ್‌ಆರ್ಮರ್ ಆಫ್ ಮಾಡಬೇಡಿ

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿನೇ ನೋಡಿದೆ. ಅವಸರದಲ್ಲಿ ಬರೆಯೋದು ಬೇಡ ಅಂತ ಇವತ್ತಿಗೆ ಇಟ್ಟುಕೊಂಡೆ. ಈಗ ಓದುವವರಿಗಾಗಿ ಎರಡು ಮಾತು: ಬನಶಂಕರಿಯಲ್ಲಿ ಮೇಡಂ ತಮ್ಮ ತಾರಸಿ ತೋಟದ ಹನ್ನೆರಡು ಗ್ರೋ ಬ್ಯಾಗ್‌ಗಳಿಗೆ ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿದ್ದಾರೆ. ರೀಡಿಂಗ್ ಎಲ್ಲ ಉಬುಂಟು 22.04 ಇರುವ ಹಳೆಯ ಲ್ಯಾಪ್‌ಟಾಪ್‌ನ ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಸೇರುತ್ತವೆ. ಡಿಸ್ಕ್ ತುಂಬಿತು ಅಂತ ಎಸ್‌ಪಿ ರೋಡಿನಿಂದ ಎಸ್‌ಎಸ್‌ಡಿ ತಂದು, ಡೇಟಾ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಿದರು. ಅಲ್ಲಿಂದ ಸರ್ವಿಸ್ ಏಳುತ್ತಿಲ್ಲ. ಎರರ್ 13, ಪರ್ಮಿಷನ್ ಡಿನೈಡ್. ಫೈಲ್‌ನ ಮಾಲೀಕರನ್ನು ಬದಲಿಸುವ ಸಿಎಚ್‌ಓನ್ ಆಯಿತು, ಎಲ್ಲರಿಗೂ ಎಲ್ಲ ಪರ್ಮಿಷನ್ ಕೊಡುವ ಸಿಎಚ್‌ಮಾಡ್ 777 ಕೂಡ ಆಯಿತು, ಏನೂ ಬದಲಾಗಲಿಲ್ಲ. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಕಾಯೋದು ಆಪ್‌ಆರ್ಮರ್. ಗುಂಪಿನ ಇಬ್ಬರು ಸದಸ್ಯರು "ಆಪ್‌ಆರ್ಮರ್ ಪೂರ್ತಿ ತೆಗೆದುಬಿಡಿ" ಅಂದಿದ್ದಾರೆ.

ದಯವಿಟ್ಟು ತೆಗೆಯಬೇಡಿ. ಅದೇ ಲ್ಯಾಪ್‌ಟಾಪ್ ನಿಮ್ಮ ಸಂಪ್ ಮೋಟರ್‌ನ ರಿಲೇಯನ್ನೂ ನಡೆಸುತ್ತಿದೆ ಅಂತ ನೀವೇ ಬರೆದಿದ್ದೀರಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಮೋಟರ್ ಯಾರ ಕೈಯಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ. ನಿಮ್ಮ ತೊಂದರೆಗೆ ಬೇಕಾಗಿರೋದು ಎರಡೇ ಸಾಲು.

ಮೊದಲು, 777 ಕೊಟ್ಟರೂ ಯಾಕೆ ಆಗಲಿಲ್ಲ ಅಂತ ನೋಡೋಣ. ನಮಗೆ ರೂಢಿಯಾಗಿರುವ ಪರ್ಮಿಷನ್ ಫೈಲ್‌ನ ಮಾಲೀಕರ ಕೈಯಲ್ಲಿರುತ್ತದೆ. ಅವರು ಇಷ್ಟಪಟ್ಟವರಿಗೆ ಬಾಗಿಲು ತೆರೆಯಬಹುದು. ಮ್ಯಾಂಡೇಟರಿ ಆಕ್ಸೆಸ್ ಕಂಟ್ರೋಲ್ ಅಂದರೆ ಅದರ ಮೇಲೆ ಇನ್ನೊಂದು ಕಾವಲು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ನೋಡಿರುತ್ತೀರಿ. ಫ್ಲಾಟ್ ಓನರ್ ಬೀಗದ ಕೈ ಕೊಟ್ಟಿರುತ್ತಾರೆ, ಆದರೂ ಕೆಲಸದವರ ಹೆಸರು ಗೇಟಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಸೆಕ್ಯುರಿಟಿ ಒಳಗೆ ಬಿಡಲ್ಲ, ಅಲ್ವಾ? ಇಲ್ಲಿ ಆ ಪಟ್ಟಿ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಅದರ ಹತ್ತಿರ ಇದೆ. ಉಬುಂಟುವಿನಲ್ಲಿ ಆ ಕೆಲಸ ಆಪ್‌ಆರ್ಮರ್‌ನದು. ಮೈಎಸ್‌ಕ್ಯೂಎಲ್ ಪ್ಯಾಕೇಜ್ ಜೊತೆಗೇ ಒಂದು ಪ್ರೊಫೈಲ್ ಬರುತ್ತದೆ, ಅದರಲ್ಲಿ ಹಳೆಯ ಡೇಟಾ ಫೋಲ್ಡರ್‌ನ ದಾರಿ ಇದೆ. ನಿಮ್ಮ ಹೊಸ ಡಿಸ್ಕ್‌ನ ದಾರಿ ಇಲ್ಲ. ಅಷ್ಟೇ ಆಗಿರೋದು.

ನೀವು ಹಾಕಿದ ಸ್ಕ್ರೀನ್ ಫೋಟೋದಲ್ಲೇ ಉತ್ತರ ಇದೆ. (ಕಮಾಂಡ್, ದಾರಿ ಎಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.)

ಆಪ್‌ಆರ್ಮರ್="ಡಿನೈಡ್" ಆಪರೇಷನ್="ಓಪನ್" ಪ್ರೊಫೈಲ್="/ಯುಎಸ್‌ಆರ್/ಎಸ್‌ಬಿನ್/ಮೈಎಸ್‌ಕ್ಯೂಎಲ್‌ಡಿ" ನೇಮ್="/ಎಂಎನ್‌ಟಿ/ತೋಟ/ಮೈಎಸ್‌ಕ್ಯೂಎಲ್/ಐಬಿಡೇಟಾ1" ಡಿನೈಡ್_ಮಾಸ್ಕ್="ಡಬ್ಲ್ಯೂಆರ್" ಎಫ್‌ಎಸ್‌ಯುಐಡಿ=114 ಒಯುಐಡಿ=114

ಈ ಸಾಲನ್ನು ನಿಧಾನವಾಗಿ ಓದಿ. ಪ್ರೊಫೈಲ್ ಅಂದರೆ ತಡೆದ ಪಟ್ಟಿ ಯಾವುದು ಅಂತ. ನೇಮ್ ಅಂದರೆ ಯಾವ ಫೈಲ್ ಕೇಳಿತು ಅಂತ. ಮಾಸ್ಕ್ ಅಂದರೆ ಏನು ಮಾಡಲು ಬಿಡಲಿಲ್ಲ ಅಂತ. ಇಲ್ಲಿ ಬರೆಯುವುದು, ಓದುವುದು ಎರಡಕ್ಕೂ ತಡೆ. ಕೊನೆಯ ಎರಡು ಸಂಖ್ಯೆಗಳನ್ನು ಜಾಸ್ತಿ ಜನ ನೋಡೋದೇ ಇಲ್ಲ. ಮೊದಲನೆಯದು ಫೈಲ್ ಕೇಳಿದವರ ಯೂಸರ್ ಸಂಖ್ಯೆ, ಎರಡನೆಯದು ಫೈಲ್‌ನ ಮಾಲೀಕರದು. ಎರಡೂ 114. ಅಂದರೆ ನಿಮ್ಮ ಸಿಎಚ್‌ಓನ್ ಸರಿಯಾಗಿಯೇ ಇತ್ತು. ಅದನ್ನು ಹತ್ತು ಸಲ ಮಾಡಿದರೂ ಇದೇ ಸಾಲು ಬರುತ್ತಿತ್ತು.

ಈ ಸಾಲು ಸಿಗದವರು 'ಸುಡೊ ಜರ್ನಲ್‌ಸಿಟಿಎಲ್ -ಕೆ' ಕೊಟ್ಟು ಅದರಲ್ಲಿ ಡಿನೈಡ್ ಅಂತ ದೊಡ್ಡಕ್ಷರದಲ್ಲಿ ಹುಡುಕಿ. ಆಡಿಟ್‌ಡಿ (ಇಂಥ ದಾಖಲೆ ಬರೆದಿಡುವ ಸರ್ವಿಸ್) ಹಾಕಿಕೊಂಡಿದ್ದರೆ ಅಲ್ಲಿ ಕಾಣಲ್ಲ, /ವಾರ್/ಲಾಗ್/ಆಡಿಟ್/ ಒಳಗಿನ ಆಡಿಟ್.ಲಾಗ್ ನೋಡಬೇಕು.

ಈಗ ರಿಪೇರಿ. ಮುಖ್ಯ ಪ್ರೊಫೈಲ್ ಫೈಲನ್ನು ಮುಟ್ಟಬೇಡಿ. ಮುಂದೆ ಪ್ಯಾಕೇಜ್ ಅಪ್‌ಡೇಟ್ ಬಂದಾಗ ನಿಮ್ಮದು ಇರಲಾ, ಹೊಸದು ಹಾಕಲಾ ಅಂತ ಅದು ಕೇಳುತ್ತದೆ, ಆಗ ಗೊಂದಲ. ನಮ್ಮ ಸಾಲುಗಳಿಗೆ ಅಂತಲೇ /ಇಟಿಸಿ/ಆಪ್‌ಆರ್ಮರ್.ಡಿ/ಲೋಕಲ್/ ಅನ್ನೋ ಫೋಲ್ಡರ್ ಇದೆ. ಅದರೊಳಗೆ ಯುಎಸ್‌ಆರ್.ಎಸ್‌ಬಿನ್.ಮೈಎಸ್‌ಕ್ಯೂಎಲ್‌ಡಿ ಅನ್ನೋ ಫೈಲ್‌ನಲ್ಲಿ ಇವೆರಡು ಸಾಲು ಸೇರಿಸಿ:

/ಎಂಎನ್‌ಟಿ/ತೋಟ/ಮೈಎಸ್‌ಕ್ಯೂಎಲ್/ ಆರ್,
/ಎಂಎನ್‌ಟಿ/ತೋಟ/ಮೈಎಸ್‌ಕ್ಯೂಎಲ್/** ಆರ್‌ಡಬ್ಲ್ಯೂಕೆ,

ಮೊದಲ ಸಾಲು ಫೋಲ್ಡರಿಗೆ, ಅದಕ್ಕೇ ಕೊನೆಯಲ್ಲಿ ಓರೆಗೆರೆ. ಎರಡನೆಯದು ಒಳಗಿರುವ ಎಲ್ಲಕ್ಕೂ. ಒಂದು ನಕ್ಷತ್ರ ಹಾಕಿದರೆ ಒಂದೇ ಮೆಟ್ಟಿಲು ಇಳಿಯುತ್ತದೆ. ಮೈಎಸ್‌ಕ್ಯೂಎಲ್ ಪ್ರತಿ ಡೇಟಾಬೇಸ್‌ಗೆ ಒಂದೊಂದು ಫೋಲ್ಡರ್ ಮಾಡುವುದರಿಂದ ಎರಡು ನಕ್ಷತ್ರ ಬೇಕೇ ಬೇಕು. ಕೆ ಅಕ್ಷರ ಫೈಲ್ ಲಾಕ್ ಮಾಡುವುದಕ್ಕೆ. ಆರ್‌ಡಬ್ಲ್ಯೂ ಅಷ್ಟೇ ಕೊಟ್ಟರೆ ಫೈಲ್ ತೆರೆಯುತ್ತದೆ, ಲಾಕ್ ಹಾಕುವಾಗ ಮತ್ತೆ ತಡೆ ಬೀಳುತ್ತದೆ. ಸಾಲಿನ ಕೊನೆಯ ಅಲ್ಪವಿರಾಮ ಮರೆಯಬೇಡಿ. ಮರೆತರೆ ಪ್ರೊಫೈಲ್ ಲೋಡ್ ಆಗದೆ ಹಳೆಯದೇ ಉಳಿದುಕೊಳ್ಳುತ್ತದೆ.

ಆಮೇಲೆ 'ಸುಡೊ ಆಪ್‌ಆರ್ಮರ್_ಪಾರ್ಸರ್ -ಆರ್' ಕೊಟ್ಟು ಮುಂದೆ ಮುಖ್ಯ ಪ್ರೊಫೈಲ್‌ನ ದಾರಿ ಹಾಕಿ. ಲೋಕಲ್ ಫೈಲ್‌ನದಲ್ಲ. ಮುಖ್ಯ ಪ್ರೊಫೈಲೇ ಲೋಕಲ್ ಫೈಲನ್ನು ಒಳಗೆ ಕರೆದುಕೊಳ್ಳುತ್ತದೆ.

ಸರ್ವಿಸ್ ಶುರು ಮಾಡುವ ಮೊದಲು ಆ 777 ಸರಿ ಮಾಡಿ. ಅದರಿಂದ ನಿಮಗೆ ಉಪಯೋಗ ಆಗಲಿಲ್ಲ, ಆದರೆ ಆ ಲ್ಯಾಪ್‌ಟಾಪ್‌ನ ಯಾವ ಯೂಸರ್ ಬೇಕಾದರೂ ನಿಮ್ಮ ಡೇಟಾಬೇಸ್ ಫೈಲ್ ಅಳಿಸುವ ಹಾಗಾಗಿದೆ. ಹಳೆಯ ಫೋಲ್ಡರ್ ಇನ್ನೂ ಹಾಗೇ ಇದೆ ಅಂದಿರಿ, ಒಳ್ಳೆಯದಾಯಿತು. ಸರ್ವಿಸ್ ನಿಂತಿರುವಾಗಲೇ ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ 'ಆರ್‌ಸಿಂಕ್ -ಎ' ಇಂದ ಇನ್ನೊಮ್ಮೆ ಕಾಪಿ ಮಾಡಿದರೆ ಮಾಲೀಕರು, ಪರ್ಮಿಷನ್ ಎಲ್ಲ ಮೊದಲಿನಂತೆ ಬಂದು ಕೂರುತ್ತವೆ. ಎರಡೂ ದಾರಿಯ ಕೊನೆಗೆ ಓರೆಗೆರೆ ಇರಲಿ. ಇಲ್ಲದಿದ್ದರೆ ಫೋಲ್ಡರ್ ಒಳಗೆ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ.

ಒಬ್ಬರು ಹಳೆಯ ಜಾಗದಲ್ಲಿ ಸಿಮ್‌ಲಿಂಕ್ (ಹೊಸ ಜಾಗವನ್ನು ತೋರಿಸುವ ಕೊಂಡಿ) ಹಾಕಿ ಅಂದಿದ್ದಾರೆ. ಅವರ ಉದ್ದೇಶ ಒಳ್ಳೆಯದೇ, ಆದರೆ ಇಲ್ಲಿ ಆಗಲ್ಲ. ಆಪ್‌ಆರ್ಮರ್ ಲಿಂಕ್‌ನ ಹೆಸರು ನೋಡಲ್ಲ, ಲಿಂಕ್ ಕೊನೆಗೆ ಹೋಗಿ ಮುಟ್ಟುವ ನಿಜವಾದ ದಾರಿ ನೋಡುತ್ತದೆ. ಬೈಂಡ್ ಮೌಂಟ್ ಮಾಡಿದರೆ, ಅಂದರೆ ಹೊಸ ಫೋಲ್ಡರನ್ನೇ ಹಳೆಯ ದಾರಿಯಲ್ಲಿ ಕೂರಿಸಿದರೆ, ಆಗುತ್ತದೆ. ಆದರೂ ನನಗೆ ಲೋಕಲ್ ಫೈಲೇ ಇಷ್ಟ. ಆರು ತಿಂಗಳ ಮೇಲೆ ತೆರೆದರೂ ಯಾರಿಗೆ ಏನು ಬಿಟ್ಟಿದ್ದೇವೆ ಅಂತ ಎರಡು ಸಾಲಿನಲ್ಲಿ ಕಾಣುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ವಾಲ್ವ್ ಮತ್ತು ಮೋಟರ್ ನಡೆಸುವ ನಿಮ್ಮದೇ ಪೈಥಾನ್ ಡೀಮನ್‌ಗೂ (ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ) ಪ್ರೊಫೈಲ್ ಬರೆಯಬಹುದಾ ಅನ್ನೋದು. ಬರೆಯಲೇಬೇಕು ಅಂತ ನಾನು ಹೇಳುತ್ತೇನೆ. ಮೈಎಸ್‌ಕ್ಯೂಎಲ್‌ಗೆ ಯಾರೋ ತಿಳಿದವರು ಪಟ್ಟಿ ಬರೆದಿದ್ದಾರೆ. ನಾವು ಮನೆಯಲ್ಲಿ ಬರೆದ ಸ್ಕ್ರಿಪ್ಟ್‌ಗೆ ಯಾವ ಪಟ್ಟಿಯೂ ಇಲ್ಲ, ಅದೂ ಜಾಸ್ತಿ ಸಲ ರೂಟ್ ಆಗಿ ಓಡುತ್ತಿರುತ್ತದೆ.

ನನ್ನದೂ ಹಾಗೇ ಓಡುತ್ತಿತ್ತು. ಅದರಲ್ಲಿ ಮೂವತ್ತು ದಿನಕ್ಕಿಂತ ಹಳೆಯ ಲಾಗ್ ಅಳಿಸುವ ಒಂದು ಫಂಕ್ಷನ್ ಇತ್ತು. ಯಾವ ಫೋಲ್ಡರ್ ಅನ್ನೋದನ್ನು ಕಾನ್ಫಿಗ್ ಫೈಲ್‌ನಿಂದ ಓದುತ್ತಿತ್ತು. ಒಂದು ದಿನ ಕಾನ್ಫಿಗ್ ತಿದ್ದುವಾಗ ಆ ಸಾಲು ಖಾಲಿ ಉಳಿಯಿತು. ಸ್ಕ್ರಿಪ್ಟ್ ತಾನು ನಿಂತ ಫೋಲ್ಡರ್‌ನಿಂದಲೇ ಶುರು ಮಾಡಿ, ಒಳಗಿದ್ದ ಹಳೆಯ ಫೈಲ್‌ಗಳನ್ನೆಲ್ಲ ಅಳಿಸಿತು. ಅಲ್ಲೇ ನಮ್ಮ ಅಮ್ಮ ಹೇಳಿ ಬರೆಸಿದ್ದ ಬೀಜದ ಲೆಕ್ಕ ಇತ್ತು. ಅವರೆ ಬೀಜ ಯಾರ ಮನೆಯಿಂದ ಬಂತು, ಯಾವ ವರ್ಷದ ಹೀರೆ ಕಹಿ ಇಲ್ಲದೆ ಬಂತು, ಎಲ್ಲ. ಅಮ್ಮ ಈಗ ಇಲ್ಲ, ಮತ್ತೆ ಕೇಳಿ ಬರೆಯೋಣ ಅಂದರೆ ಆಗಲ್ಲ. ಪ್ರೊಫೈಲ್ ಇದ್ದಿದ್ದರೆ ಆ ತಪ್ಪು ಸಾಲು ಲಾಗ್ ಫೋಲ್ಡರ್‌ನ ಹೊರಗೆ ಒಂದು ಫೈಲನ್ನೂ ಮುಟ್ಟುತ್ತಿರಲಿಲ್ಲ. ಆವತ್ತಿನಿಂದ ಪ್ರೊಫೈಲ್ ಇಲ್ಲದೆ ಯಾವ ಡೀಮನ್ ಅನ್ನೂ ನಾನು ಓಡಿಸುತ್ತಿಲ್ಲ.

ಮಾಡುವ ವಿಧಾನ ಕಷ್ಟ ಇಲ್ಲ. ಆಪ್‌ಆರ್ಮರ್-ಯುಟಿಲ್ಸ್ ಪ್ಯಾಕೇಜ್ ಹಾಕಿಕೊಳ್ಳಿ. 'ಸುಡೊ ಎಎ-ಜೆನ್‌ಪ್ರಾಫ್' ಮುಂದೆ ಸ್ಕ್ರಿಪ್ಟ್‌ನ ದಾರಿ ಕೊಡಿ. ಅದು ಖಾಲಿ ಪ್ರೊಫೈಲ್ ಮಾಡಿ ಕಂಪ್ಲೇನ್ ಮೋಡ್‌ನಲ್ಲಿ ಇಡುತ್ತದೆ. ಆ ಮೋಡ್‌ನಲ್ಲಿ ಏನನ್ನೂ ತಡೆಯಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ಮಾಡಿದಾಗ ಲಾಗ್‌ನಲ್ಲಿ 'ಅಲೌಡ್' ಅಂತ ಬರೆದುಕೊಳ್ಳುತ್ತದೆ. ಇನ್ನೊಂದು ಟರ್ಮಿನಲ್‌ನಲ್ಲಿ ಡೀಮನ್ ಶುರು ಮಾಡಿ, ಅದರ ಎಲ್ಲ ಕೆಲಸ ಮಾಡಿಸಿ. ವಾಲ್ವ್ ತೆರೆಯಿರಿ, ಮುಚ್ಚಿ. ಮೋಟರ್ ಹಾಕಿ, ಆರಿಸಿ. ವೈಫೈ ತೆಗೆದು ನೋಡಿ. ಟ್ಯಾಂಕ್ ತುಂಬಿದ್ದನ್ನು ಹೇಳುವ ಫ್ಲೋಟ್ ಸ್ವಿಚ್ ಎತ್ತಿ ನೋಡಿ. ನಂತರ ಮೊದಲ ಟರ್ಮಿನಲ್‌ನಲ್ಲಿ ಎಸ್ ಒತ್ತಿದರೆ ಒಂದೊಂದೇ ಕೇಳುತ್ತದೆ: ಇದು ಬಿಡಲಾ, ಬೇಡವಾ?

ಇಲ್ಲೇ ತಾಳ್ಮೆ ಬೇಕು. ಸುಮ್ನೆ ಎಲ್ಲಕ್ಕೂ ಎ ಒತ್ತಿದರೆ ಪ್ರೊಫೈಲ್ ಇದ್ದೂ ಇಲ್ಲದ ಹಾಗೆ. ಜಿ ಒತ್ತಿದರೆ ದಾರಿ ಅಗಲ ಆಗುತ್ತಾ ಹೋಗುತ್ತದೆ, ಇನ್ನೂ ಒತ್ತುತ್ತಾ ಹೋದರೆ ಇಡೀ ಡಿಸ್ಕನ್ನೇ ಬಿಟ್ಟುಕೊಟ್ಟಂತೆ. ಕೇಪಬಿಲಿಟಿ ಡಿಎಸಿ_ಓವರ್‌ರೈಡ್ ಅಂತ ಕೇಳಿದರೆ ಕೈ ತಡೆಯಿರಿ. ತನಗೆ ಪರ್ಮಿಷನ್ ಇಲ್ಲದ ಫೈಲನ್ನು ರೂಟ್ ಬಲದಿಂದ ತೆರೆಯಲು ಡೀಮನ್ ನೋಡುತ್ತಿದೆ ಅಂತ ಅರ್ಥ. ಬಹಳ ಸಲ ಆ ಫೈಲ್‌ನ ಮಾಲೀಕತ್ವ ತಪ್ಪಿರುತ್ತದೆ, ಅದನ್ನು ಸರಿ ಮಾಡಿದರೆ ಆ ಪ್ರಶ್ನೆಯೇ ಬರಲ್ಲ. ಸ್ಕ್ರಿಪ್ಟ್ ಒಳಗಿಂದ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಕರೆದಿದ್ದರೆ ಅದಕ್ಕೂ ಕೇಳುತ್ತದೆ. ಇನ್‌ಹೆರಿಟ್ (ಇದೇ ಪಟ್ಟಿ ಅದಕ್ಕೂ) ಆರಿಸಿ, ಅನ್‌ಕನ್‌ಫೈನ್ಡ್ (ಪಟ್ಟಿಯೇ ಇಲ್ಲ) ಯಾವತ್ತೂ ಬೇಡ. ಅದನ್ನು ಆರಿಸಿದರೆ ಶೆಲ್ ಮೂಲಕ ಡೀಮನ್ ಏನು ಬೇಕಾದರೂ ಮಾಡಬಹುದು.

ನನ್ನ ವಾಲ್ವ್ ಡೀಮನ್‌ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಸ್ವಲ್ಪವೇ. ಪೈಥಾನ್‌ಗೆ ಬೇಕಾದ ಸಿದ್ಧ ಅಬ್‌ಸ್ಟ್ರಾಕ್ಷನ್‌ಗಳು (ಮೊದಲೇ ಬರೆದಿಟ್ಟ ನಿಯಮಗಳ ಗುಂಪು), ಪೈಥಾನ್ ಬೈನರಿ, ಸ್ಕ್ರಿಪ್ಟ್ ಮತ್ತು ಕಾನ್ಫಿಗ್ ಓದಲು ಮಾತ್ರ, ಒಂದು ಲಾಗ್ ಫೋಲ್ಡರ್ ಬರೆಯಲು, ನೆಟ್‌ವರ್ಕ್‌ಗೆ ಒಂದು ಸಾಲು, ರಿಲೇ ಬೋರ್ಡ್‌ಗೆ ಒಂದು ಸಾಲು. ಆ ರಿಲೇ ಸಾಲು ಹೀಗಿರಬೇಕು:

/ಡೆವ್/ಟಿಟಿವೈಯುಎಸ್‌ಬಿ[0-9]* ಆರ್‌ಡಬ್ಲ್ಯೂ,

ನಾನು ಮೊದಲು ಟಿಟಿವೈಯುಎಸ್‌ಬಿ0 ಅಂತಲೇ ಬರೆದಿದ್ದೆ. ಒಂದು ಸಂಜೆ ಮಳೆಗೆ ಕರೆಂಟ್ ಹೋಗಿ ಬಂತು. ಬಾಕ್ಸ್ ಮತ್ತೆ ಏಳುವಾಗ ಬೋರ್ಡ್ 1 ಆಗಿತ್ತು, ವಾಲ್ವ್ ತೆರೆಯಲಿಲ್ಲ. ಸ್ಕ್ರಿಪ್ಟ್‌ನಲ್ಲಿ /ಡೆವ್/ಸೀರಿಯಲ್/ಬೈ-ಐಡಿ ದಾರಿ ಬಳಸಿದ್ದೆನಲ್ಲ, ಇದು ಹೇಗೆ ಆಯಿತು ಅಂತ ಹುಡುಕಿದೆ. ಅದೂ ಸಿಮ್‌ಲಿಂಕೇ. ಮೇಲೆ ಹೇಳಿದ್ದೇ ಇಲ್ಲೂ: ಆಪ್‌ಆರ್ಮರ್‌ಗೆ ಕಾಣೋದು ನಿಜವಾದ ಹೆಸರು.

ಎಎ-ಜೆನ್‌ಪ್ರಾಫ್ ಮುಗಿಸಿದಾಗ ಪ್ರೊಫೈಲ್ ಎನ್‌ಫೋರ್ಸ್‌ಗೆ, ಅಂದರೆ ನಿಜವಾಗಿ ತಡೆಯುವ ಮೋಡ್‌ಗೆ ಹೋಗುತ್ತದೆ. 'ಎಎ-ಕಂಪ್ಲೇನ್' ಕೊಟ್ಟು ಮತ್ತೆ ಕಂಪ್ಲೇನ್ ಮೋಡ್‌ಗೆ ತಂದು ಕನಿಷ್ಠ ಹತ್ತು ದಿನ ಬಿಡಿ. ಹಳೆಯ ಲಾಗ್ ಬದಿಗಿಟ್ಟು ಹೊಸದು ಶುರು ಮಾಡುವ ಲಾಗ್‌ರೊಟೇಟ್ ವಾರಕ್ಕೊಮ್ಮೆ ಓಡುವಂತೆ ಇಟ್ಟಿದ್ದರೆ ಅದು ಒಂದು ಸಲವಾದರೂ ಬಂದು ಹೋಗಬೇಕು. ಮಧ್ಯೆ ಎರಡು ಮೂರು ಸಲ 'ಎಎ-ಲಾಗ್‌ಪ್ರಾಫ್' ಓಡಿಸಿ ಬಿಟ್ಟುಹೋದದ್ದನ್ನು ಸೇರಿಸಿ. ಹೊಸದೇನೂ ಕೇಳದಿದ್ದಾಗ 'ಎಎ-ಎನ್‌ಫೋರ್ಸ್'. ಸರ್ವಿಸ್‌ಗಳನ್ನು ಶುರು ಮಾಡುವ ಸಿಸ್ಟಂಡಿಯ ಯೂನಿಟ್ ಫೈಲ್‌ನ ಸರ್ವಿಸ್ ಭಾಗದಲ್ಲಿ 'ಆಪ್‌ಆರ್ಮರ್‌ಪ್ರೊಫೈಲ್=' ಅಂತ ಪ್ರೊಫೈಲ್‌ನ ಹೆಸರನ್ನೂ ಹಾಕಿ. ಆಗ ಪ್ರೊಫೈಲ್ ಲೋಡ್ ಆಗದಿದ್ದರೆ ಡೀಮನ್ ಕಾವಲಿಲ್ಲದೆ ಓಡುವ ಬದಲು ನಿಂತುಬಿಡುತ್ತದೆ. ಮೋಟರ್ ವಿಷಯದಲ್ಲಿ ನನಗೆ ಅದೇ ಬೇಕು.

ರಾಸ್ಪ್‌ಬೆರಿ ಪೈನಲ್ಲಿ ತಮಗೆ ಇಂಥ ತೊಂದರೆ ಬಂದೇ ಇಲ್ಲ ಅಂದ ಸರ್‌ಗೆ ಒಂದು ಮಾತು: ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಆಪ್‌ಆರ್ಮರ್ ತಾನಾಗಿ ಚಾಲೂ ಇರಲ್ಲ. ಕರ್ನಲ್‌ನ ಸಿಎಂಡಿಲೈನ್ ಫೈಲ್‌ನ ಅದೇ ಒಂದು ಸಾಲಿನ ಕೊನೆಗೆ 'ಆಪ್‌ಆರ್ಮರ್=1 ಸೆಕ್ಯುರಿಟಿ=ಆಪ್‌ಆರ್ಮರ್' ಸೇರಿಸಿ ರೀಬೂಟ್ ಮಾಡಬೇಕು. ಫೆಡೋರಾ (ಇನ್ನೊಂದು ಬಗೆಯ ಲಿನಕ್ಸ್) ಇಟ್ಟುಕೊಂಡವರಿಗೆ ಇರೋದು ಇಂಥದೇ ಇನ್ನೊಂದು ಕಾವಲು, ಎಸ್‌ಇಲಿನಕ್ಸ್. ಅದು ದಾರಿ ನೋಡಲ್ಲ, ಫೈಲ್‌ಗೆ ಅಂಟಿಸಿದ ಲೇಬಲ್ ನೋಡುತ್ತದೆ. ಅಲ್ಲಿ 'ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್' ಇಂದ ಹೊಸ ಫೋಲ್ಡರಿಗೆ ಮೈಎಸ್‌ಕ್ಯೂಎಲ್‌ಡಿ_ಡಿಬಿ_ಟಿ ಲೇಬಲ್ ಹೇಳಿ, 'ರಿಸ್ಟೋರ್‌ಕಾನ್' ಓಡಿಸಬೇಕು.

ಮೇಡಂ, ಇವತ್ತು ಮೈಎಸ್‌ಕ್ಯೂಎಲ್ ಅಷ್ಟೇ ಮುಗಿಸಿ. ಸರ್ವಿಸ್ ಎದ್ದ ಮೇಲೆ 'ಸುಡೊ ಎಎ-ಸ್ಟೇಟಸ್' ಕೊಟ್ಟು ಎನ್‌ಫೋರ್ಸ್ ಪಟ್ಟಿಯಲ್ಲಿ ಮೈಎಸ್‌ಕ್ಯೂಎಲ್‌ಡಿ ಕಾಣುತ್ತದಾ ನೋಡಿ. ಮತ್ತೆ ಎಲ್ಲಾದರೂ ನಿಂತರೆ ಆ ಡಿನೈಡ್ ಸಾಲನ್ನು ಕತ್ತರಿಸದೆ ಪೂರ್ತಿ ಇಲ್ಲಿ ಹಾಕಿ. ಮಾಸ್ಕ್ ಮತ್ತು ಆ ಎರಡು ಸಂಖ್ಯೆ ಕಂಡರೆ ಉಳಿದದ್ದು ಹೇಳಬಹುದು. ರಾತ್ರಿ ಒಂಬತ್ತರ ಮೇಲೆ ನಾನು ಇಲ್ಲೇ ಇರುತ್ತೇನೆ.