ಟಿಕೆಟ್‌ಗಿಂತ ಮೊದಲ ನಾಯಿ ಅಳತಿ ತಗೋರಿ

ಓದುಗರ ಪ್ರಶ್ನೆ, ಪ್ರಾಣಿ ಡಾಕ್ಟರ್ ಉತ್ತರ

ಪ್ರಶ್ನೆ: ಡಾಕ್ಟರ್ ಸಾಹೇಬ್ರ, ನಮ್ಮದು ಗದಗ. ಮಗಗ ಪೋರ್ಟ್ ಬ್ಲೇರ್‌ಗೆ ಟ್ರಾನ್ಸ್‌ಫರ್ ಆಗೇತಿ, ನಾನೂ ನಮ್ಮ ಮನಿಯವ್ರೂ ಅವನ ಜೋಡಿ ಎರಡು ವರ್ಷ ಅಲ್ಲೇ ಇರಾಕ ಹೊಂಟೇವಿ. ನಮ್ಮ ಮುಧೋಳ ನಾಯಿ ಭೈರ್ಯಾಗ ನಾಲ್ಕು ವರ್ಷ, 26 ಕೆಜಿ ಅದಾನ, ಅವನ್ನ ಬಿಟ್ಟು ಹೋಗೂ ಮಾತ ಇಲ್ಲ. ಹುಬ್ಬಳ್ಳಿ ಏರ್‌ಪೋರ್ಟ್‌ನಿಂದ ನಮ್ಮ ಸೀಟಿನ ಹತ್ರ ಕುಂಡ್ರಿಸಿಕೊಂಡು ಹೋಗಾಕ ಬರ್ತೈತೇನ್ರಿ? ನಿದ್ದಿ ಗುಳಿಗಿ ಕೊಟ್ಟು ಒಯ್ರಿ ಅಂತ ಒಬ್ರು ಹೇಳ್ಯಾರ, ಕೊಡಬಹುದೇನು?

ಉತ್ತರ: ಕಡೀ ಪ್ರಶ್ನಿಗೆ ಮೊದಲ ಉತ್ತರ ಹೇಳಿಬಿಡ್ತೇನಿ ಸರ್, ನಿದ್ದಿ ಗುಳಿಗಿ ಬ್ಯಾಡಂದ್ರ ಬ್ಯಾಡ. ಮುಧೋಳ ಜಾತಿಗೆ ಮೈಯಾಗ ಕೊಬ್ಬು ಭಾಳ ಕಮ್ಮಿ, ಅದಕ್ಕ ಕೆಲವು ಮತ್ತಿನ ಔಷಧ ಉಳಿದ ನಾಯಿಗೋಳಿಗಿಂತ ಇವಕ್ಕ ಜೋರ ಹತ್ತತಾವ, ಇಳಿಯಾಕೂ ಹೊತ್ತು ಹಿಡೀತೈತಿ, ಅದರಾಗ ವಿಮಾನ ಮ್ಯಾಲೆ ಏರಿದಾಗ ಬಿಪಿ ಇಳಿದು ಉಸಿರು ನಿಧಾನ ಆತಂದ್ರ ಕೆಳಗ ಲಗೇಜ್ ಖಾನೆಯಾಗ ಅವನ್ನ ನೋಡಾವ್ರು ಯಾರೂ ಇರೂದಿಲ್ಲ. ತೂಕಡಸೂ ನಾಯಿ ಕಂಡ್ರ ಕೌಂಟರ್‌ನಾಗ ಹತ್ತಿಸಿಕೊಳ್ಳೂದೂ ಇಲ್ಲ.

ಇನ್ನ ಸೀಟಿನ ಮಾತು. ಅದು ಸಣ್ಣ ನಾಯಿ, ಬೆಕ್ಕಿಗೆ ಅಷ್ಟ, ಬ್ಯಾಗ್ ಸೇರಿಸಿ ಏಳು ಕೆಜಿನೋ ಹತ್ತು ಕೆಜಿನೋ, ಒಂದೊಂದು ಕಂಪನಿದು ಒಂದೊಂದು ಲೆಕ್ಕ. ಭೈರ್ಯಾ ಕೆಳಗ ಹೋಗಬೇಕಾಗ್ತೈತಿ. ಹುಬ್ಬಳ್ಳಿಯಿಂದ ಹಾರೂ ಇಂಡಿಗೋದಾಗ ಸಾಕಿದ ಪ್ರಾಣಿ ತಗೊಳ್ಳೂದ ಇಲ್ಲ, ಹಂಗಾಗಿ ನೀವು ಬೆಂಗಳೂರಿಗೆ ಹೋಗಿ ಅಲ್ಲಿಂದ ಪ್ರಾಣಿ ತಗೊಳ್ಳೂ ಬ್ಯಾರೆ ಕಂಪನಿ ಹಿಡೀಬೇಕು. ಬೆಂಗಳೂರ ತನಕ ಕಾರಿದ್ರ ಭಾಳ ಚಲೋ, ರಾತ್ರಿ ಬಿಟ್ರ ಬಿಸಲೂ ತಪ್ಪತೈತಿ. ರೈಲಿನಾಗಾದ್ರ ಫಸ್ಟ್ ಏಸಿಯಾಗ ಪೂರ್ತಿ ಕೂಪೆ ನಿಮ್ಮ ಹೆಸರಿಲೆ ಸಿಕ್ರ ಮಾತ್ರ ಜೋಡಿ ಮಲಗಿಸಿಕೊಂಡು ಹೋಗಬಹುದು, ಅದಕ್ಕೂ ಪಾರ್ಸಲ್ ಆಫೀಸಿನಾಗ ನಾಯಿ ಹೆಸರಿಲೆ ರಸೀದಿ ಮಾಡಿಸಬೇಕು. ಹಿಂದಿನ ಡಬ್ಬಿಯಾಗಿನ ನಾಯಿ ಪೆಟ್ಟಿಗಿಗೆ ಮಾತ್ರ ಹಾಕಬ್ಯಾಡ್ರಿ, ಇಷ್ಟು ಉದ್ದ ಕಾಲಿನ ನಾಯಿ ರಾತ್ರಿಯೆಲ್ಲ ಆ ಸದ್ದಿನಾಗ ಮುದುಡಿಕೊಂಡು ಕುಂತ್ರ ಮರುದಿನ ವಿಮಾನಕ್ಕ ಅವನ ಕಡೆ ಶಕ್ತಿ ಉಳಿಯೂದಿಲ್ಲ.

ಈಗ ಖರೇ ಕೆಲಸ ಐತಿ ನೋಡ್ರಿ, ಕ್ರೇಟ್, ಅಂದ್ರ ವಿಮಾನದಾಗ ನಾಯಿ ಒಯ್ಯೂ ಗಟ್ಟಿ ಪೆಟ್ಟಿಗಿ. ನಮ್ಮ ದವಾಖಾನಿಗೆ ಒಂದು ಮನಿಯವ್ರು ವಿಮಾನ ಎರಡು ದಿನ ಇದ್ದಾಗ ಫಿಟ್ನೆಸ್ ಸರ್ಟಿಫಿಕೇಟ್ ಕೇಳಾಕ ಬಂದಿದ್ರು, ಕ್ರೇಟ್ ಸೈತ ಕಾರಿನಾಗ ತಂದಿದ್ರು, ನಾಯಿ ಒಳಗ ನಿಂತ್ರ ಎರಡೂ ಕಿವಿ ಮ್ಯಾಲಿನ ಪ್ಲಾಸ್ಟಿಕ್ಕಿಗೆ ಮಡಚಿಕೊಳ್ತಿದ್ವು. ಇದು ನಡಿಯೂದಿಲ್ರಿ ಅಂದೆ, ಇಷ್ಟು ರೊಕ್ಕ ಕೊಟ್ಟೇವಿ ಹೆಂಗಾದ್ರೂ ಆಗ್ತೈತಿ ಅಂದು ಹೋದ್ರು, ಕೌಂಟರ್‌ನಿಂದ ಅವರನ್ನ ವಾಪಸ್ ಕಳಿಸಿದ್ರು. ಆ ಅವ್ವಾರು ಫೋನಿನಾಗ ಅತ್ತಿದ್ದು ನನಗಿನ್ನೂ ಕಿವಿಯಾಗ ಐತಿ, ಅದಕ್ಕ ನಿಮಗ ಬಿಡಿಸಿ ಹೇಳ್ತೇನಿ.

ಭೈರ್ಯಾನ್ನ ಕಟ್ಟಿ ಮ್ಯಾಲೆ ನೆಟ್ಟಗ ನಿಲ್ಲಿಸಿ ಟೇಪ್ ಹಿಡೀರಿ. ಮೂಗಿನ ತುದಿಯಿಂದ ಬಾಲದ ಬುಡದ ತನಕ ಒಂದಳತಿ, ಬಾಲ ಹಿಡಿಯೂ ಹಂಗಿಲ್ಲ. ನೆಲದಿಂದ ಮುಂಗಾಲಿನ ಮೊಣಕೈ ತನಕ ಇನ್ನೊಂದು. ಮೊದಲನೇ ಅಳತಿಗೆ ಎರಡನೇದರ ಅರ್ಧ ಕೂಡಿಸಿದ್ರ ಕ್ರೇಟಿನ ಉದ್ದ, ಅಂದ್ರ 100 ಸೆಂಟಿಮೀಟರ್ ಉದ್ದ, 40 ಮೊಣಕೈ ಬಂತಂದ್ರ 120 ಬೇಕು. ಭುಜದ ಅಗಲದ ಎರಡು ಪಟ್ಟು ಕ್ರೇಟಿನ ಅಗಲ. ಎತ್ತರಕ್ಕ ತಲಿ ಎತ್ತಿ ನಿಂತಾಗ ನೆತ್ತಿ ಮ್ಯಾಲಿತ್ತೋ ಕಿವಿ ತುದಿ ಮ್ಯಾಲಿತ್ತೋ, ಯಾವುದು ಎತ್ತರ ಅದನ್ನ ಹಿಡಿದು, ಹಾಸಿಗಿ ದಪ್ಪ ಮ್ಯಾಲೆ ಕೂಡಿಸ್ರಿ. ಇದು ಅಯಾಟಾ ಅನ್ನೂ ವಿಮಾನ ಕಂಪನಿಗಳ ಒಕ್ಕೂಟದ ಲೆಕ್ಕ, ನಾಯಿ ಒಳಗ ನಿಂತು, ತಿರುಗಿ, ಕಾಲು ಚಾಚಿ ಮಲಗಾಕ ಬರಬೇಕು ಅನ್ನೂದ ಅದರ ಅರ್ಥ. ಇಷ್ಟು ದೊಡ್ಡ ಕ್ರೇಟ್ ಏನಿಲ್ಲಂದ್ರೂ ಹದಿನೈದು ಕೆಜಿ ತೂಗ್ತೈತಿ, ನಾಯಿ ಸೇರಿ ನಲವತ್ತು ದಾಟಿತು, 32 ಕೆಜಿ ಮ್ಯಾಲಿಂದನ್ನ ಲಗೇಜ್ ಅಂತ ಚೆಕ್ ಇನ್‌ದಾಗ ತಗೊಳ್ಳೂದಿಲ್ಲ, ಕಾರ್ಗೋ ಟರ್ಮಿನಲ್‌ಗೆ ಬ್ಯಾರೆ ಬುಕ್ಕಿಂಗ್ ಆಗ್ತೈತಿ. ನಾಯಿ ತೂಕ ಅಷ್ಟ ಹೇಳಿ ಟಿಕೆಟ್ ಮಾಡಿದವ್ರು ಸಿಗಬೀಳೂದು ಇಲ್ಲೇ ನೋಡ್ರಿ. ಮೊದಲ ಕಾರ್ಗೋದವ್ರ ಕಡೆ ಜಾಗ ಗಟ್ಟಿ ಮಾಡ್ರಿ, ಆಮ್ಯಾಲೆ ನಿಮ್ಮ ಟಿಕೆಟ್. ಆ ಖಾನೆಯಾಗ ಗಾಳಿ ಒತ್ತಡ, ಬೆಚ್ಚಗಿನ ಹವಾ ಎರಡೂ ಇರತಾವ, ಒಳಗ ಪ್ರಾಣಿ ಐತಿ ಅಂತ ಪೈಲಟ್‌ಗೂ ತಿಳಿಸಿರ್ತಾರ, ಅದಕ್ಕ ಹೆದರಬ್ಯಾಡ್ರಿ, ಹೆದರಬೇಕಾದ್ದು ಹತ್ತಿಸೂಕಿಂತ ಮೊದಲ ಬಿಸಲಾಗ ಕಾಯೂ ಹೊತ್ತಿಗೆ. ಏಪ್ರಿಲ್, ಮೇದಾಗ ಬ್ಯಾಡ.

ಕ್ರೇಟ್ ಇವತ್ತ ತರಿಸ್ರಿ. ಬಾಗಿಲ ಕಿತ್ತಿಟ್ಟು ಪಡಸಾಲ್ಯಾಗ ಇಡ್ರಿ, ನಿಮ್ಮ ಹಳೇ ಧೋತರನೋ ಸೀರಿನೋ ಹಾಸಿ, ರೊಟ್ಟಿ ಒಳಗ ಹಾಕ್ರಿ, ಮೊದಲ ದಿನ ಮುಂಗಾಲಷ್ಟ ಒಳಗಿಟ್ಟು ಕುತ್ತಿಗಿ ಚಾಚಿ ತಿಂದು ಹಿಂದ ಸರೀತಾನ, ಒತ್ತಾಯ ಮಾಡಬ್ಯಾಡ್ರಿ, ವಾರದಾಗ ತಾನ ಹೋಗಿ ಮಲಗ್ತಾನ. ಆಮ್ಯಾಲೆ ಬಾಗಿಲ ಹಾಕಿ ಹತ್ತು ನಿಮಿಷ, ಅರ್ಧ ತಾಸು, ರಾತ್ರಿಯೆಲ್ಲ. ಒಂದು ತಿಂಗಳು ಹಿಡಿದ್ರ ಹಿಡೀಲಿ. ಹೋಗೂ ದಿನ ನಾಲ್ಕು ತಾಸು ಮೊದಲ ಸ್ವಲ್ಪ ಊಟ ಕೊಡ್ರಿ, ಬಾಗಿಲಿಗೆ ಸಿಗಿಸೂ ನೀರಿನ ಬಟ್ಟಲಾ ಹಿಂದಿನ ರಾತ್ರಿ ಫ್ರಿಜ್‌ನಾಗ ಬರ್ಫ ಮಾಡಿ ಇಡ್ರಿ, ಹತ್ತಿಸುವಾಗ ಚೆಲ್ಲೂದಿಲ್ಲ, ಕರಗಿದಂಗ ನೆಕ್ಕತಾನ.

ಕಾಗದಕ್ಕ ರೇಬೀಸ್ ಲಸಿಕಿ ಕಾರ್ಡು, ದನದ ದವಾಖಾನಿ ಫಿಟ್ನೆಸ್ ಸರ್ಟಿಫಿಕೇಟ್. ಲಸಿಕಿ ಹಾಕಿಸಿ ಒಂದು ತಿಂಗಳರ ಆಗಿರಲಿ, ಸರ್ಟಿಫಿಕೇಟ್ ಮಾತ್ರ ಹೋಗೂ ಎರಡು ಮೂರು ದಿನದ ಒಳಗಿಂದು ತಗೋರಿ, ಹಳೇದು ನಡಿಯೂದಿಲ್ಲ. ಅಂಡಮಾನ್ ಮೊದಲಿಂದಲೂ ರೇಬೀಸ್ ಇಲ್ಲದ ದ್ವೀಪ ಅಂತ ಹೆಸರಾದ ಜಾಗ, ಒಂದು ನಾಯಿಯಿಂದ ರೋಗ ಹೊಕ್ಕಿತಂದ್ರ ಅಲ್ಲಿನ ಮಂದಿಗೆ ಅದು ಜೀವದ ಪ್ರಶ್ನಿ, ಹಂಗಾಗಿ ಬುಕ್ಕಿಂಗ್‌ಗಿಂತ ಮೊದಲ ಅಲ್ಲಿನ ಪಶುಸಂಗೋಪನಾ ಇಲಾಖೆಗೆ ಬರದು ಉತ್ತರ ಕೈಯಾಗ ತಗೋರಿ. ಅಂದಂಗ 2024ರಿಂದ ಪೋರ್ಟ್ ಬ್ಲೇರ್ ಹೆಸರು ಶ್ರೀ ವಿಜಯಪುರಂ ಆಗೇತಿ, ಅರ್ಜಿಯಾಗ ಎರಡೂ ಹೆಸರು ಬರೀರಿ.

ಪ್ರಶ್ನೆ: ನಾವು ಧಾರವಾಡದವ್ರು ಸರ್. ದೀಪಾವಳಿ ಸೂಟಿಗೆ ನಾಲ್ಕು ದಿನ ಲಕ್ಷದ್ವೀಪಕ್ಕ ಹೊಂಟೇವಿ, ನಮ್ಮ ಬೀಗಲ್‌ನೂ ಒಯ್ಯಬಹುದೇನ್ರಿ?

ಉತ್ತರ: ಇಲ್ರಿ. ಲಕ್ಷದ್ವೀಪದಾಗ ನಾಯಿನ ಇಲ್ಲ, ರೇಬೀಸೂ ಇಲ್ಲ, ಹಂಗ ಉಳೀಲಿ ಅಂತ ಹೊರಗಿಂದ ನಾಯಿ ತರಾಕ ಬಿಡೂದಿಲ್ಲ. ನಾಲ್ಕು ದಿನ ಗುರುತಿನವ್ರ ಮನಿಯಾಗ ಬಿಡ್ರಿ, ದೀಪಾವಳಿ ಅಂದ್ರಿ, ಪಟಾಕಿ ಸದ್ದು ಕಮ್ಮಿ ಇರೂ ಕಡೆ ನೋಡ್ರಿ.

ಪ್ರಶ್ನೆ: ಹಾವೇರಿಯಿಂದ ಬರೀತಿದೀನಿ. ಮಗಳು ಲಂಡನ್‌ನಾಗ ಇದಾಳ, ನಮ್ಮ ಪೊಮೇರಿಯನ್ ಅಂದ್ರ ಅವಳಿಗೆ ಜೀವ, ಎರಡು ತಿಂಗಳದಾಗ ಕಳಿಸವ್ವಾ ಅಂತಾಳ. ಅದಕ್ಕ ಹನ್ನೊಂದು ವರ್ಷ, ಪ್ರತಿ ವರ್ಷ ರೇಬೀಸ್ ಲಸಿಕಿ ಹಾಕ್ಸೀವಿ, ರಾತ್ರಿ ಸ್ವಲ್ಪ ಕೆಮ್ಮತೈತಿ.

ಉತ್ತರ: ಎರಡು ತಿಂಗಳದಾಗ ಆಗೂದಿಲ್ಲ ಅಕ್ಕಾರ. ಬ್ರಿಟನ್‌ಗೆ ಮೊದಲ ಮೈಕ್ರೋಚಿಪ್, ಅಂದ್ರ ಚರ್ಮದ ಕೆಳಗ ಹಾಕೂ ಗುರುತಿನ ಚಿಪ್ಪು, ಅದನ್ನ ಹಾಕಿದ ಮ್ಯಾಲೆ ಕೊಟ್ಟ ರೇಬೀಸ್ ಲಸಿಕಿ ಅಷ್ಟ ಲೆಕ್ಕಕ್ಕ, ಚಿಪ್ಪಿಲ್ಲದಾಗ ಹಾಕಿಸಿದ್ದು ಎಷ್ಟು ವರ್ಷದ್ದಿದ್ರೂ ಅವ್ರು ಹಿಡಿಯೂದಿಲ್ಲ. ಲಸಿಕಿ ಆಗಿ 30 ದಿನಕ್ಕ ರಕ್ತ ತಗದು ಅವ್ರು ಒಪ್ಪಿದ ಲ್ಯಾಬಿಗೆ ಕಳಿಸಬೇಕು, ರೇಬೀಸ್ ತಡೆಯೂ ಶಕ್ತಿ ಒಂದು ಮಿಲಿಲೀಟರಿಗೆ ಕಮ್ಮಿ ಅಂದ್ರ 0.5 ಯೂನಿಟ್ ಬಂದ್ರ ಪಾಸು, ರಕ್ತ ತಗದ ದಿನದಿಂದ ಮತ್ತ ಮೂರು ತಿಂಗಳು ಕಾಯಬೇಕು. ಅಲ್ಲಿಗೆ ನಾಲ್ಕು ತಿಂಗಳಾತು. ಕಡೀಕ ಅಲ್ಲಿ ಮುಟ್ಟೂಕಿಂತ ಒಂದರಿಂದ ಐದು ದಿನ ಮೊದಲ ಲಾಡಿಹುಳದ ಔಷಧ, ಹೆಸರಘಟ್ಟದ ಪ್ರಾಣಿ ಕ್ವಾರಂಟೈನ್ ಕೇಂದ್ರದ ಕಾಗದ. ನಾಯಿ ಎಷ್ಟ ಸಣ್ಣದಿದ್ರೂ ಅಲ್ಲಿಗೆ ಕಾರ್ಗೋದಾಗ ಹೋಗಬೇಕು, ಮಗಳು ಬಂದು ಮಡಿಲಾಗ ಇಟ್ಕೊಂಡು ಒಯ್ಯಾಕ ಬರೂದಿಲ್ಲ.

ನನಗ ಚಿಂತಿ ಆಗಿದ್ದು ಆ ಕೆಮ್ಮು. ವಯಸ್ಸಾದ ಪೊಮೇರಿಯನ್‌ಗೆ ಗಂಟಲಿನ ಗಾಳಿಕೊಳವಿ ಮೆತ್ತಗಾಗಿ ಕುಸೀತೈತಿ, ಹೃದಯದ ತ್ರಾಸೂ ಇರಬಹುದು, ಅಂಥಾ ನಾಯಿ ಗಾಬರಿ ಬಿದ್ದು ಏದುಸಿರು ಬಿಟ್ರ ಹತ್ತು ತಾಸಿನ ದಾರಿಯಾಗ ಉಳಿಯೂದು ಕಷ್ಟ. ಈ ವಾರನ ಎಕ್ಸ್‌ರೇ ತಗಸ್ರಿ. ಎದಿ ಸಾಫಿದ್ರ ಚಿಪ್ಪಿನಿಂದ ಸುರು ಮಾಡೂಣು, ಕೊಳವಿ ಕುಸಿದಿದ್ರ ನಾನು ಸರ್ಟಿಫಿಕೇಟ್ ಬರದು ಕೊಡೂದಿಲ್ಲ. ಆವಾಗ ಮಗಳಿಗೆ ಹೇಳ್ರಿ, ಟಿಕೆಟ್ ಅವಳ ತಗಸಲಿ, ಹಾವೇರಿಗೆ ಬಂದು ಹದಿನೈದು ದಿನ ಅದರ ಜೋಡಿ ಇರಲಿ. ಅಲ್ಲಿ ತನಕ ಕುತ್ತಿಗಿ ಬೆಲ್ಟ್ ತಗದು ಎದಿಗೆ ಕಟ್ಟೂ ಪಟ್ಟಿ ಹಾಕ್ರಿ, ಕೆಮ್ಮು ಅದರಿಂದನ ಅರ್ಧ ಕಮ್ಮಿ ಆಗಬಹುದು.