ಸಹಿ ಕೇಳುವ ಮೊದಲು

ತಂಗಿ, ನಿನ್ನ ಪತ್ರ ಓದಿದೆ. ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಬೆಳೆದ ನಮ್ಮ ಹುಡುಗಿಗೆ ಇಂಗ್ಲೆಂಡಿನಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೀಟು ಸಿಕ್ಕಿದೆ ಎಂದರೆ ನನಗೆ ಆದ ಸಂತೋಷ ನಿನ್ನ ಅಮ್ಮನ ಸಂತೋಷಕ್ಕಿಂತ ಕಡಿಮೆಯದಲ್ಲ. ಊಟ, ವಸತಿ ಹೇಗೆ, ಸಾಲ ಮಾಡಿ ಬರಬಹುದೇ, ಓದಿದ ಮೇಲೆ ಕೆಲಸ ಸಿಗುತ್ತದೆಯೇ, ಮುಂಬಯಿಯ ನಮ್ಮ ಹೋಟೆಲ್ ಕಾರ್ಮಿಕರ ಬಗ್ಗೆ ಪ್ರಬಂಧ ಬರೆಯಬಹುದೇ ಎಂದು ಕೇಳಿದ್ದೀಯೆ. ಕೊನೆಯ ಪ್ರಶ್ನೆಗೆ ಹೇಳಬೇಕಾದದ್ದು ಬಹಳ ಇದೆ. ಮೊದಲಿನವನ್ನು ಬೇಗ ಮುಗಿಸುತ್ತೇನೆ.

ಊಟದ ಚಿಂತೆ ಬಿಡು. ನಾನಿರುವ ಲೀಡ್ಸ್‌ನಲ್ಲಿ ಉದ್ದಿನಬೇಳೆ, ಹುಣಸೆಹಣ್ಣು, ಕರಿಬೇವು ಎಲ್ಲವೂ ಸಿಗುತ್ತವೆ. ಒಂದು ಸಣ್ಣ ಕುಕ್ಕರ್, ಅಮ್ಮ ಮಾಡಿದ ಸಾರಿನ ಪುಡಿ ತಂದರೆ ಸಾಕು. ಸಾಲುಕೋಣೆಗಳ ಚಾಳಿನಲ್ಲಿ ಬೆಳೆದ ನಮಗೆ ಇಲ್ಲಿನ ಕೋಣೆಯೇನೂ ಚಿಕ್ಕದೆನಿಸುವುದಿಲ್ಲ. ಆದರೆ ಎಲ್ಲರೂ ಬಾಗಿಲು ಮುಚ್ಚಿಕೊಂಡೇ ಬದುಕುವ ಓಣಿಗೆ ಒಗ್ಗಿಕೊಳ್ಳಲು ಬಂದ ವರ್ಷ ನನಗೆ ಇಡೀ ಚಳಿಗಾಲ ಬೇಕಾಯಿತು. ಸಂಜೆ ನಾಲ್ಕಕ್ಕೇ ಕತ್ತಲಾಗುವ ಡಿಸೆಂಬರಿನಲ್ಲಿ, ಪಕ್ಕದ ಮನೆಯವರು ಸಕ್ಕರೆ ಕೇಳಲಾದರೂ ಬರಬಾರದೇ ಎಂದು ಕಾದು ಕುಳಿತಿದ್ದೇನೆ.

ಸಾಲದ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಶುಲ್ಕ, ಬಾಡಿಗೆ ಅಷ್ಟೇ ಎಂದುಕೊಂಡು ಲೆಕ್ಕ ಹಾಕುವವರೇ ಹೆಚ್ಚು. ಇಲ್ಲಿನ ಆರೋಗ್ಯ ಸೇವೆಗೆ ವಿದ್ಯಾರ್ಥಿಗಳು ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಒಂದು ವರ್ಷದ ಎಂ.ಎ.ಗೆ ಓದು ಮುಗಿದ ಮೇಲಿನ ನಾಲ್ಕು ತಿಂಗಳನ್ನೂ ಸೇರಿಸಿ ವೀಸಾ ಕೊಡುವುದರಿಂದ, ಅರ್ಜಿ ಹಾಕುವಾಗಲೇ 1,164 ಪೌಂಡ್ ಹೋಗುತ್ತದೆ. ವೀಸಾಕ್ಕೆ ಸ್ವಂತ ಹಣ ತೋರಿಸುವುದಾದರೆ ಅದು 28 ದಿನ ಒಂದೇ ಸಮನೆ ಖಾತೆಯಲ್ಲಿರಬೇಕು. ಓದಿನ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆಯಿಂದ ಕಿರಾಣಿ ಖರ್ಚು ನಡೆದೀತು, ಶುಲ್ಕ ಹುಟ್ಟುವುದಿಲ್ಲ. ಮುಂಬಯಿಯಲ್ಲೇ ಇರುವ ಜೆ. ಎನ್. ಟಾಟಾ ಎಂಡೋಮೆಂಟ್ 1892ರಿಂದ ವಿದೇಶದಲ್ಲಿ ಓದುವವರಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಬ್ಯಾಂಕಿಗೆ ಮನೆಯ ಕಾಗದ ಒಯ್ಯುವ ಮೊದಲು ಅಲ್ಲಿ ವಿಚಾರಿಸು. ಹಣ ಹೊಂದಿಕೆಯಾಗದಿದ್ದರೆ ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳು. ಇದರಲ್ಲಿ ಅವಮಾನವೇನೂ ಇಲ್ಲ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದಾಗ ಅಂಬೇಡ್ಕರ್ ಅವರೇ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದರು. ಮುಂಬಯಿಯ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿದರು, 1920ರಲ್ಲಿ ಮತ್ತೆ ಹೋಗಿ ಓದು ಪೂರೈಸಿದರು.

ಕೆಲಸ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಓದಿನ ನಂತರ ಇಲ್ಲಿ ಉಳಿದು ಕೆಲಸ ಹುಡುಕುವ ವೀಸಾ ಎರಡು ವರ್ಷದ್ದಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂ.ಎ. ಪದವೀಧರರಿಗೆ ಅದು 18 ತಿಂಗಳು ಮಾತ್ರ. ಅಷ್ಟರೊಳಗೆ ಸಮಾಜಶಾಸ್ತ್ರ ಓದಿದವರು ಕೆಲಸದ ವೀಸಾಕ್ಕೆ ಪ್ರಾಯೋಜಿಸುವ ಸಂಸ್ಥೆಯನ್ನು ಹುಡುಕಿಕೊಳ್ಳುವುದು ಕಷ್ಟ. ಅಂಕಿಅಂಶ ಚೆನ್ನಾಗಿ ಕಲಿತುಕೋ. ನನಗೆ ಅನ್ನ ಕೊಟ್ಟದ್ದು ಅದೇ. ಅಂಕಗಳ ಬಗ್ಗೆಯೂ ಒಂದು ಮಾತು: ಇಲ್ಲಿ ಎಂ.ಎ.ಗೆ 50 ಬಂದರೆ ಪಾಸು, 70 ಅತ್ಯುತ್ತಮ ದರ್ಜೆ. ನಿನಗೆ 62 ಬಂದರೆ ಮನೆಗೆ ಫೋನು ಮಾಡಿ ಅಳಬೇಡ, ಅದು ಒಳ್ಳೆಯ ಅಂಕ.

ಇನ್ನು ಪ್ರಬಂಧ. ಹೋಟೆಲ್ ಕಾರ್ಮಿಕರು ಸಣ್ಣ ವಿಷಯ ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡ. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ 1919ರಷ್ಟು ಹಳೆಯದು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅಲ್ಲಿ ಜಿ. ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಸಂಗ್ರಹಿಸಿದ ಸಾಮಗ್ರಿಯನ್ನೇ 1945ರಲ್ಲಿ ಆಕ್ಸ್‌ಫರ್ಡಿಗೆ ಒಯ್ದರು. ಅದನ್ನೇ ಅಲ್ಲಿ ಬೇರೆ ಕಣ್ಣಿನಿಂದ ಓದಿದರು, 1952ರಲ್ಲಿ ಅದು ಪುಸ್ತಕವಾಯಿತು. ಊರಿನಿಂದ ಮುಂಬಯಿಗೆ, ಮುಂಬಯಿಯಿಂದ ಇಲ್ಲಿಗೆ ಎಂಬ ಈ ದಾರಿಯಲ್ಲಿ ನಾವೇ ಮೊದಲಿಗರಲ್ಲ ಎಂಬುದು ನನಗೆ ಇಂದಿಗೂ ಹೆಮ್ಮೆ.

ಆದರೆ ಈಗ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಇಲ್ಲದೆ ಯಾರ ಒಂದು ಮಾತನ್ನೂ ಸಂಶೋಧನೆಗೆ ಬಳಸುವಂತಿಲ್ಲ. ಅನುಮತಿಗೆ ವಾರಗಟ್ಟಲೆ ಹಿಡಿಯುತ್ತದೆ. ಮಾಹಿತಿ ಪತ್ರ ಕೊಡಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು, ಹೆಸರು ಮರೆಮಾಚಬೇಕು. ಹಿಂದೆ ಸಂಶೋಧನೆಯ ಹೆಸರಿನಲ್ಲಿ ಬಡವರಿಗೆ ಆದ ಅನ್ಯಾಯಗಳಿಂದ ಹುಟ್ಟಿದ ನಿಯಮಗಳಿವು, ನಾನು ಇವನ್ನು ಗೌರವಿಸುತ್ತೇನೆ.

ನಮ್ಮ ಚಾಳಿನಲ್ಲಿ ಕುಂದಾಪುರದ ಕಡೆಯ ಒಬ್ಬ ಅಜ್ಜ ಇದ್ದರು. ಹುಡುಗರಾಗಿದ್ದಾಗಲೇ ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲಿಗೆ ಲೋಟ ತೊಳೆಯಲು ಬಂದವರು, ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದದ್ದು, ಊರಿಗೆ ಮನಿಯಾರ್ಡರ್ ಕಳುಹಿಸಲು ಸಾಲು ನಿಲ್ಲುತ್ತಿದ್ದದ್ದು ಎಲ್ಲವನ್ನೂ ಗಣಪತಿ ಹಬ್ಬದ ರಾತ್ರಿಗಳಲ್ಲಿ ನಮಗೆ ಹೇಳುತ್ತಿದ್ದರು. ನನ್ನ ಪ್ರಬಂಧಕ್ಕೂ ನಾನು ಇದೇ ವಿಷಯ ಆರಿಸಿಕೊಂಡದ್ದು ಅವರಿಂದ. ಮಳೆಗಾಲದಲ್ಲಿ ಎರಡು ಪುಟದ ಮಾಹಿತಿ ಪತ್ರವನ್ನು ಕನ್ನಡಕ್ಕೆ ಮಾಡಿಕೊಂಡು ಅವರ ಮುಂದೆ ಕುಳಿತೆ. ಅವರು ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. "ನನ್ನ ಹೆಸರು ಯಾಕೆ ಮುಚ್ಚಬೇಕು? ನಾನೇನು ಕದ್ದಿದ್ದೇನೆಯೇ?" ಎಂದರು. ಸಹಿಯ ಜಾಗ ಕಂಡಾಗ ಮುಖವೇ ಬದಲಾಯಿತು. ಅವರ ಅಪ್ಪ ಓದಲು ಬಾರದೆ ಒತ್ತಿದ ಒಂದು ಹೆಬ್ಬೆಟ್ಟಿನಿಂದಲೇ ಮನೆ ಸಾಲಕ್ಕೆ ಬಿದ್ದು, ಇವರು ಮುಂಬಯಿಗೆ ಬರಬೇಕಾಗಿತ್ತು. ಅದನ್ನು ಅವರೇ ನನಗೆ ಬಾಲ್ಯದಲ್ಲಿ ಹೇಳಿದ್ದರು. ಚಹಾ ಕೊಟ್ಟರು, ನನ್ನ ಮದುವೆಯ ಬಗ್ಗೆ ವಿಚಾರಿಸಿದರು, ಹೋಟೆಲಿನ ಮಾತು ಮಾತ್ರ ಎತ್ತಲಿಲ್ಲ. ಆಮೇಲೆಯೂ ಎತ್ತಲಿಲ್ಲ. ಸಹಿ ಇಲ್ಲದೆ ಅವರ ಕಥೆಯನ್ನು ಬಳಸುವ ಹಾಗಿರಲಿಲ್ಲ. ನನ್ನ ಪ್ರಬಂಧದಲ್ಲಿ ಬೇರೆ ಹನ್ನೊಂದು ಮಂದಿಯ ಮಾತುಗಳಿವೆ, ಅವರದಿಲ್ಲ. ಅಜ್ಜ ಈಗಿಲ್ಲ. ಅವರಿಗೆ ಮಕ್ಕಳಿರಲಿಲ್ಲ, ಆ ಕಥೆಗಳನ್ನು ಬೇರೆ ಯಾರೂ ಬರೆದುಕೊಂಡಿಲ್ಲ. ಈ ನೋವು ನನ್ನಿಂದ ಹೋಗಿಲ್ಲ.

ಸಹಿಯ ಬದಲು ಬಾಯಿಮಾತಿನ ಒಪ್ಪಿಗೆಯನ್ನು ಧ್ವನಿಮುದ್ರಿಸಿಕೊಳ್ಳಲು, ತಮ್ಮ ಹೆಸರೇ ಇರಲಿ ಎನ್ನುವವರಿಗೆ ಹಾಗೆಯೇ ಬಿಡಲು ಸಮಿತಿಯನ್ನು ಕೇಳಬಹುದು ಎಂದು ನನಗೆ ಆಗ ಯಾರೂ ಹೇಳಲಿಲ್ಲ. ಕಾರಣವನ್ನು ಅರ್ಜಿಯಲ್ಲೇ ವಿವರಿಸಬೇಕು. ನಮ್ಮ ಜನ ಸಹಿಗೆ ಯಾಕೆ ಹೆದರುತ್ತಾರೆ ಎಂಬುದು ನಿನಗೆ ಗೊತ್ತು, ಅರ್ಜಿ ಓದುವವರಿಗೆ ಗೊತ್ತಿರುವುದಿಲ್ಲ. ಅದನ್ನು ಒಂದು ಪುಟದಲ್ಲಿ ಧೈರ್ಯವಾಗಿ ಬರೆ. ಈಗ ಕೆಲಸದಲ್ಲಿ ಬಾಡಿಗೆದಾರರನ್ನು ಮಾತನಾಡಿಸುವಾಗ ನಾನು ಬಾಯಿಮಾತಿನ ಒಪ್ಪಿಗೆಯನ್ನೇ ಪಡೆಯುತ್ತೇನೆ.

ಬಂದ ಕೂಡಲೇ ಮಾರ್ಗದರ್ಶಕರಿಗೆ ವಿಷಯ ತಿಳಿಸು, ಅರ್ಜಿಯನ್ನು ಫೆಬ್ರವರಿಯೊಳಗೆ ಕೊಡು. ಜೂನಿನಲ್ಲಿ ಮುಂಬಯಿಗೆ ಹೋಗಿ ಸೆಪ್ಟೆಂಬರಿನ ಮೊದಲು ಬರೆದು ಮುಗಿಸಬೇಕು, ಮಳೆಯಲ್ಲಿ ಲೋಕಲ್ ರೈಲು ನಿಂತ ದಿನಗಳನ್ನೂ ಲೆಕ್ಕಕ್ಕೆ ಇಟ್ಟುಕೋ. ಅಲ್ಲಿಯವರೆಗೆ ಮಾಟುಂಗದ ಹೋಟೆಲುಗಳಲ್ಲಿ ಹಿರಿಯರ ಜೊತೆ ಸುಮ್ಮನೆ ಕುಳಿತು ಚಹಾ ಕುಡಿ, ಏನನ್ನೂ ಧ್ವನಿಮುದ್ರಿಸಿಕೊಳ್ಳಬೇಡ. ಅರ್ಜಿಯ ಕರಡು ಸಿದ್ಧವಾದಾಗ ನನಗೆ ಕಳುಹಿಸು, ಸಹಿಯ ಭಾಗವನ್ನು ಇಬ್ಬರೂ ಕುಳಿತು ಬರೆಯೋಣ.